ಮಿಸೌರಿ ಮತದಾರನ ಸಿಟ್ಟು ಯಾರ ಮೇಲಿರಬೇಕು?

2008ರ ಫೆಬ್ರುವರಿ 5. ಅಮೆರಿಕದ ಮಿಸೌರಿ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಪ್ರೈಮರಿಯ ಎಣಿಕೆ ಮುಗಿದಾಗ ಜಾನ್ ಮೆಕೇನ್‌ಗೆ ಶೇ 33, ಮೈಕ್ ಹಕಬಿಗೆ ಶೇ 31.5, ಮಿಟ್ ರಾಮ್ನಿಗೆ ಶೇ 29 ಮತ ಬಿದ್ದಿದ್ದವು. ಮೂವರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದರು. ಆದರೆ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಆ ರಾಜ್ಯ ಕಳಿಸಬೇಕಿದ್ದ 58 ಪ್ರತಿನಿಧಿಗಳಲ್ಲಿ ಅಷ್ಟೂ ಜನ ಮೆಕೇನ್ ಪಾಲಾದರು. ಹಕಬಿಗೂ ರಾಮ್ನಿಗೂ ಒಬ್ಬರೂ ಸಿಗಲಿಲ್ಲ. ಮೂವರಲ್ಲಿ ಇಬ್ಬರು ಮತದಾರರು ಬೇರೆಯವರನ್ನು ಬಯಸಿದ್ದರೂ ಮಿಸೌರಿಯ ದನಿ ಪೂರ್ತಿಯಾಗಿ ಮೆಕೇನ್ ಪರ ಎಂದು ದಾಖಲಾಯಿತು.

ಆ ರಾಜ್ಯದ ಸಂಪ್ರದಾಯವಾದಿ ಮತದಾರರಿಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಮೆಕೇನ್ ಅವರ ಯುದ್ಧಕಾಲದ ಸೇವೆಯ ಬಗ್ಗೆ ಅವರಿಗೆ ಗೌರವವಿತ್ತು. ಆದರೆ ಜಾರ್ಜ್ ಬುಷ್ ತಂದ 2001 ಮತ್ತು 2003ರ ತೆರಿಗೆ ಕಡಿತಗಳ ವಿರುದ್ಧ ಮತ ಹಾಕಿದವರು ಅವರು. ಚುನಾವಣಾ ದೇಣಿಗೆಗೆ ಕಡಿವಾಣ ಹಾಕುವ 2002ರ ಕಾನೂನಿಗೆ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಜೊತೆ ಸೇರಿ ದುಡಿದವರು. ದಾಖಲೆಯಿಲ್ಲದೆ ಬಂದ ವಲಸಿಗರಿಗೆ ಕಾನೂನುಬದ್ಧ ನೆಲೆ ಕೊಡುವ ಮಸೂದೆಗೆ ಎಡ್ವರ್ಡ್ ಕೆನಡಿ ಜೊತೆ ಕೈಜೋಡಿಸಿದವರು. ರೇಡಿಯೊದಲ್ಲಿ ಲಕ್ಷಾಂತರ ಸಂಪ್ರದಾಯವಾದಿಗಳು ಕಿವಿಗೊಡುತ್ತಿದ್ದ ರಷ್ ಲಿಂಬಾ ಅವರ ಹುಟ್ಟೂರು ಮಿಸೌರಿಯ ಕೇಪ್ ಜಿರಾರ್ಡೊ. ಅವರು ಮೆಕೇನ್ ಬೇಡವೆಂದು ಪಟ್ಟುಬಿಡದೆ ಹೇಳುತ್ತಲೇ ಇದ್ದರು. ಕೊನೆಗೆ ಗೆದ್ದದ್ದು ಮೆಕೇನ್ ಅವರೇ.

ಇಂಥ ಫಲಿತಾಂಶ ಬಂದಾಗಲೆಲ್ಲ ಅಲ್ಲಿನ ಸಂಪ್ರದಾಯವಾದಿ ಮತದಾರರಿಂದ ಮೂರು ದೂರುಗಳು ಕೇಳಿಬರುತ್ತವೆ. ಪಕ್ಷದ ದೊಡ್ಡವರು ಮೋಸ ಮಾಡಿದರು, ಮಾಧ್ಯಮದವರು ಅಭ್ಯರ್ಥಿಯನ್ನು ಹೇರಿದರು, ಎದುರು ಪಕ್ಷದವರು ಒಳನುಗ್ಗಿ ಮತ ಹಾಕಿದರು. ಈ ದೂರುಗಳಲ್ಲಿ ಒಂದಷ್ಟು ಸತ್ಯವಿದೆ. ಆದರೆ ಮಿಸೌರಿಯ ಹದಿನಾರು ವರ್ಷಗಳ ಪ್ರೈಮರಿ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಜವಾದ ಕಾರಣ ಬೇರೆಯೇ ಇದೆ ಎಂದು ಗೊತ್ತಾಗುತ್ತದೆ. ಅದು ಎಣಿಕೆಯ ನಿಯಮ. ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇಲ್ಲದವರನ್ನೂ ವಿಜೇತರೆಂದು ಸಾರುವ ನಿಯಮ ಇರುವವರೆಗೂ ಈ ನಿರಾಸೆ ತಪ್ಪುವುದಿಲ್ಲ.

ಟಿಕೆಟ್ ಕೊಡುವವರು ಯಾರು?

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಆಕಾಂಕ್ಷಿಗಳು ದೆಹಲಿಗೆ ಹೋಗುತ್ತಾರೆ, ಪಟ್ಟಿ ಬಿಡುಗಡೆಯಾಗುತ್ತದೆ, ಬಿ ಫಾರಂ ಸಿಗದವರು ಬಂಡಾಯ ಏಳುತ್ತಾರೆ. ಮತದಾರರ ಕೆಲಸ ಅದಾದ ಮೇಲೆ ಶುರುವಾಗುತ್ತದೆ. ಅಮೆರಿಕದಲ್ಲಿ ಟಿಕೆಟ್ ಯಾರಿಗೆಂದು ತೀರ್ಮಾನಿಸಲು ಪ್ರತ್ಯೇಕ ಚುನಾವಣೆಯೇ ನಡೆಯುತ್ತದೆ. ಅದೇ ಪ್ರೈಮರಿ. ಬಹುತೇಕ ಕಡೆ ಅದನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ನಡೆಸುತ್ತದೆ. ಸಾಮಾನ್ಯ ಮತದಾರ ಮತಗಟ್ಟೆಗೆ ಹೋಗಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಹೇಳುತ್ತಾನೆ.

ಈ ಹಕ್ಕು ಅಲ್ಲಿಯೂ ಸುಲಭವಾಗಿ ಬಂದದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾ ಫಾಲೆಟ್ ಪಕ್ಷದ ಧಣಿಗಳ ಕೈಯಿಂದ ಆಯ್ಕೆಯ ಅಧಿಕಾರ ಕಿತ್ತುಕೊಳ್ಳಲು ಹೋರಾಡಿ ಪ್ರೈಮರಿ ಕಾನೂನು ತಂದರು. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಬಹುತೇಕ ಪ್ರೈಮರಿಗಳನ್ನು ಗೆದ್ದರೂ ರಿಪಬ್ಲಿಕನ್ ಸಮಾವೇಶ ವಿಲಿಯಂ ಟ್ಯಾಫ್ಟ್ ಅವರನ್ನೇ ಆರಿಸಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದೇ ಹೊತ್ತಿಗೆ ಷಿಕಾಗೊ ಸಮಾವೇಶದ ಹೊರಗೆ ಪೊಲೀಸರು ಯುದ್ಧವಿರೋಧಿ ಯುವಕರ ಮೇಲೆ ಲಾಠಿ ಬೀಸಿದರು. ಆ ಆಕ್ರೋಶದಿಂದ ಪಕ್ಷದ ನಿಯಮಗಳು ಬದಲಾದವು, ರಾಜ್ಯಗಳು ಹೊಸ ಕಾನೂನು ಮಾಡಿದವು. 1972ರಿಂದೀಚೆಗೆ ಎರಡೂ ಪಕ್ಷಗಳಲ್ಲಿ ಪ್ರೈಮರಿಯೇ ನಿರ್ಣಾಯಕವಾಯಿತು.

ಕರ್ನಾಟಕಕ್ಕೂ ಇದರ ಗಾಳಿ ಒಮ್ಮೆ ಸೋಕಿತ್ತು. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನು ಆಂತರಿಕ ಮತದಾನದಿಂದ ಆರಿಸುವ ಪ್ರಯೋಗ ಮಾಡಿಸಿದರು. ಆ ಪಟ್ಟಿಯಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಇದ್ದವು. ಮತ ಹಾಕಿದವರು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮುಂದೆ ಡಿ.ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಎದುರು ಇಬ್ಬರೂ ಸೋತರು. ಪ್ರಯೋಗ ಬೇರೂರಲಿಲ್ಲ.

ಟಿಕೆಟ್ ಹಂಚಿಕೆಯಿಂದ ಬೇಸತ್ತ ನಮಗೆ ಅಮೆರಿಕದ ಪದ್ಧತಿ ಆದರ್ಶವಾಗಿ ಕಾಣುವುದು ಸಹಜ. ಆದರೆ ಮತದಾರರ ಕೈಗೆ ಮತಪತ್ರ ಕೊಟ್ಟ ಮಾತ್ರಕ್ಕೆ ಅವರ ಇಚ್ಛೆ ನಡೆಯುತ್ತದೆ ಎನ್ನುವ ಹಾಗಿಲ್ಲ. ಆ ಮತಗಳನ್ನು ಯಾವ ನಿಯಮದಂತೆ ಎಣಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಮಿಸೌರಿಯ ಸಂಪ್ರದಾಯವಾದಿಗಳು ಈ ಪಾಠವನ್ನು ಮತ್ತೆ ಮತ್ತೆ ಕಲಿಯಬೇಕಾಯಿತು.

ಯಾರೂ ಕೇಳದ ಎರಡನೇ ಪ್ರಶ್ನೆ

2008ಕ್ಕೆ ಮರಳೋಣ. ಹಕಬಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದವರು, ನೆರೆಯ ಅರ್ಕಾನ್ಸಾ ರಾಜ್ಯದ ಮಾಜಿ ಗವರ್ನರ್. ಚರ್ಚು, ಕುಟುಂಬ, ಗರ್ಭಪಾತ ವಿರೋಧ ಮುಖ್ಯವೆನ್ನುವವರು ಅವರ ಹಿಂದೆ ನಿಂತರು. ರಾಮ್ನಿ ಉದ್ಯಮಿ. ತೆರಿಗೆ, ಮಾರುಕಟ್ಟೆ, ಸಣ್ಣ ಸರ್ಕಾರ ಎನ್ನುವವರು ಅವರ ಕಡೆ ಹೋದರು. ಸಂಪ್ರದಾಯವಾದಿ ಮತ ಹೀಗೆ ಇಬ್ಭಾಗವಾದಾಗ ಮೂರನೆಯವರಾದ ಮೆಕೇನ್ ಮೊದಲಿಗರಾದರು. ಎರಡು ವಾರ ಮೊದಲು ದಕ್ಷಿಣ ಕ್ಯಾರೊಲಿನಾದಲ್ಲೂ ಹೀಗೇ ಆಗಿತ್ತು. ಅಲ್ಲಿ ಮೆಕೇನ್‌ಗೆ ಶೇ 33, ಹಕಬಿಗೆ ಶೇ 30. ನಟ ಹಾಗೂ ಮಾಜಿ ಸೆನೆಟರ್ ಫ್ರೆಡ್ ಥಾಮ್ಸನ್ ಶೇ 16ರಷ್ಟು ಮತ ಪಡೆದಿದ್ದರು. ಫ್ಲಾರಿಡಾದಲ್ಲಿ ಮೆಕೇನ್ ಶೇ 36 ಮತದಿಂದ ಆ ರಾಜ್ಯದ 57 ಪ್ರತಿನಿಧಿಗಳನ್ನೂ ಬಾಚಿಕೊಂಡರು.

ಹಕಬಿ ಕಣದಲ್ಲಿಲ್ಲದಿದ್ದರೆ ಅವರ ಮತವೆಲ್ಲ ರಾಮ್ನಿಗೆ ಹೋಗುತ್ತಿತ್ತು ಎಂದು ನಾನು ಹೇಳಲಾರೆ. ಹಕಬಿ ಅರ್ಕಾನ್ಸಾದಲ್ಲಿ ತೆರಿಗೆ ಹೆಚ್ಚಿಸಿದರೆಂದು ರಾಮ್ನಿ ಕಡೆಯವರಿಗೆ ಅಸಮಾಧಾನವಿತ್ತು. ರಾಮ್ನಿ ಅವರ ಮಾರ್ಮನ್ ನಂಬಿಕೆಯ ಬಗ್ಗೆ ಹಕಬಿ ಕಡೆಯ ಕೆಲವರಿಗೆ ಅಳುಕಿತ್ತು. ನನ್ನ ತಕರಾರು ಇಷ್ಟೆ: ಮತದಾರರನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ‘ನಿಮ್ಮವರು ಗೆಲ್ಲದಿದ್ದರೆ ಉಳಿದವರಲ್ಲಿ ಯಾರು?’ ಎಂಬ ಎರಡನೇ ಪ್ರಶ್ನೆಗೆ ಮಿಸೌರಿಯ ಮತಪತ್ರದಲ್ಲಿ ಜಾಗವೇ ಇರಲಿಲ್ಲ.

ಅದೇ ದಿನ ಪಶ್ಚಿಮ ವರ್ಜೀನಿಯಾದಲ್ಲಿ ಆ ಪ್ರಶ್ನೆ ಕೇಳಲಾಯಿತು. ಅಲ್ಲಿ ಪಕ್ಷದ ರಾಜ್ಯ ಸಮಾವೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತದಾನ ನಡೆಸುವ ನಿಯಮವಿತ್ತು. ಮೊದಲ ಸುತ್ತಿನಲ್ಲಿ ಶೇ 41 ಪಡೆದು ರಾಮ್ನಿ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಮೆಕೇನ್ ಬೆಂಬಲಿಗರು ಹಕಬಿಯತ್ತ ವಾಲಿದರು. ಹಕಬಿ ಶೇ 52ರ ಆಸುಪಾಸಿನಲ್ಲಿ ಗೆದ್ದರು. ಇದು ತೆರೆಮರೆಯ ಒಪ್ಪಂದ ಎಂದು ರಾಮ್ನಿ ಕಡೆಯವರು ದೂರಿದರು. ಆದರೂ ಅಲ್ಲಿ ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇತ್ತು. ಮಿಸೌರಿಯಲ್ಲಿ ಗೆದ್ದವರಿಗೆ ಅದು ಇರಲಿಲ್ಲ.

ಎರಡು ದಿನಗಳ ನಂತರ ರಾಮ್ನಿ ಕಣದಿಂದ ಹಿಂದೆ ಸರಿದರು. ಮೆಕೇನ್ ಅಭ್ಯರ್ಥಿಯಾದರು. ನವೆಂಬರ್‌ನಲ್ಲಿ ಮಿಸೌರಿಯನ್ನು ಅವರು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರಾದರೂ ದೇಶವನ್ನು ಬರಾಕ್ ಒಬಾಮ ಗೆದ್ದರು.

ನಾಲ್ಕು ವರ್ಷದ ನಂತರದ ಅನುಭವ ಇನ್ನೂ ಕಹಿ. 2012ರ ಫೆಬ್ರುವರಿ 7ರಂದು ಮಿಸೌರಿಯಲ್ಲಿ ಮತ್ತೆ ಪ್ರೈಮರಿ ನಡೆಯಿತು. ಸಂಪ್ರದಾಯವಾದಿಗಳ ನೆಚ್ಚಿನ ರಿಕ್ ಸ್ಯಾಂಟೊರಮ್ ಶೇ 55 ಮತ ಪಡೆದು ನಿಚ್ಚಳವಾಗಿ ಗೆದ್ದರು. ಆದರೆ ಅವರಿಗೆ ಆ ದಿನ ಸಿಕ್ಕ ಪ್ರತಿನಿಧಿಗಳ ಸಂಖ್ಯೆ ಸೊನ್ನೆ. ಮಾರ್ಚ್‌ಗೆ ಮೊದಲು ಪ್ರೈಮರಿ ನಡೆಸಿದ ರಾಜ್ಯಗಳಿಗೆ ಪಕ್ಷ ದಂಡ ವಿಧಿಸುವ ನಿಯಮವಿತ್ತು. ದಿನಾಂಕ ಬದಲಿಸಲು ರಾಜ್ಯದ ಶಾಸಕಾಂಗಕ್ಕೆ ಆಗಲಿಲ್ಲ. ಹೀಗಾಗಿ ಪ್ರೈಮರಿ ಲೆಕ್ಕಕ್ಕಿಲ್ಲದ ಮತದಾನವಾಯಿತು, ಪ್ರತಿನಿಧಿಗಳ ಆಯ್ಕೆ ಆಮೇಲೆ ನಡೆದ ಕಾಕಸ್ ಎಂಬ ಪಕ್ಷದ ಸ್ಥಳೀಯ ಸಭೆಗಳಿಗೆ ಹೋಯಿತು. ಬಹುಮತ ಬಂದಾಗಲೂ ಅದಕ್ಕೆ ಬೆಲೆ ಇಲ್ಲವಾಯಿತು.

2016ರ ಮಾರ್ಚ್ 15ರ ಮಿಸೌರಿ ಪ್ರೈಮರಿಯಲ್ಲಿ ಡೊನಾಲ್ಡ್ ಟ್ರಂಪ್‌ಗೆ ಶೇ 40.8, ಟೆಡ್ ಕ್ರೂಜ್‌ಗೆ ಶೇ 40.6. ಅಂತರ ಎರಡು ಸಾವಿರಕ್ಕೂ ಕಡಿಮೆ ಮತ. ಶೇ 6ರಷ್ಟು ಜನ ಮಾರ್ಕೊ ರೂಬಿಯೊಗೆ ಮತ ಹಾಕಿದ್ದರು. ಅದೇ ರಾತ್ರಿ ತವರಾದ ಫ್ಲಾರಿಡಾದಲ್ಲಿ ಸೋತ ರೂಬಿಯೊ ಕಣ ಬಿಟ್ಟರು. ಅವರಿಗೆ ಬಿದ್ದ ಸಾವಿರಾರು ಮತಗಳು ಎರಡನೇ ಆಯ್ಕೆಯಿಲ್ಲದೆ ಅಲ್ಲೇ ಉಳಿದವು. 52 ಪ್ರತಿನಿಧಿಗಳಲ್ಲಿ ಟ್ರಂಪ್‌ಗೆ 37, ಕ್ರೂಜ್‌ಗೆ 15 ಸಿಕ್ಕರು. ಅದಕ್ಕೂ ಮೊದಲು ದಕ್ಷಿಣ ಕ್ಯಾರೊಲಿನಾದಲ್ಲಿ ಟ್ರಂಪ್ ಶೇ 32.5 ಮತದಿಂದ 50 ಪ್ರತಿನಿಧಿಗಳನ್ನೂ ಗೆದ್ದಿದ್ದರು. ಏಪ್ರಿಲ್ 19ರ ನ್ಯೂಯಾರ್ಕ್ ಪ್ರೈಮರಿಯವರೆಗೆ ಯಾವ ರಾಜ್ಯದಲ್ಲೂ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದಿರಲಿಲ್ಲ.

2008ರಲ್ಲಿ ಈ ನಿಯಮದಿಂದ ಲಾಭ ಪಡೆದವರು ಪಕ್ಷದ ಮಧ್ಯಮಮಾರ್ಗಿ ಎನಿಸಿಕೊಂಡಿದ್ದ ಮೆಕೇನ್. 2016ರಲ್ಲಿ ಲಾಭ ಪಡೆದವರು ಪಕ್ಷದ ಹಿರಿಯರನ್ನೆಲ್ಲ ಎದುರು ಹಾಕಿಕೊಂಡ ಟ್ರಂಪ್. ಎರಡು ತುದಿಯವರಿಗೂ ಒಂದೇ ನಿಯಮ ದಾರಿ ಮಾಡಿಕೊಟ್ಟಿತು. ಅದಕ್ಕೆ ಸಿದ್ಧಾಂತದ ಹಂಗಿಲ್ಲ. ತಮ್ಮೊಳಗೇ ಹಂಚಿಹೋದವರನ್ನು ಅದು ಸೋಲಿಸುತ್ತದೆ. ಡೆಮಾಕ್ರಟಿಕ್ ಪಕ್ಷ ಅಧ್ಯಕ್ಷೀಯ ಪ್ರೈಮರಿಗಳಲ್ಲಿ ಶೇ 15ರ ಗಡಿ ದಾಟಿದವರಿಗೆ ಮತಕ್ಕೆ ತಕ್ಕಂತೆ ಪ್ರತಿನಿಧಿಗಳನ್ನು ಹಂಚುತ್ತದೆ. ಗೆದ್ದವರಿಗೆ ಎಲ್ಲವನ್ನೂ ಕೊಡುವ ಪದ್ಧತಿ ಹೆಚ್ಚಾಗಿ ರಿಪಬ್ಲಿಕನ್ನರು ತಾವಾಗಿಯೇ ಇಟ್ಟುಕೊಂಡದ್ದು.

ಹೊರಗಿನವರ ಕೈವಾಡ

ಸಂಪ್ರದಾಯವಾದಿ ಮತದಾರರ ಮತ್ತೊಂದು ದೂರು ಹೊರಗಿನವರ ಬಗ್ಗೆ. ಇದೂ ಬರಿಯ ಅನುಮಾನದ ಮಾತಲ್ಲ. ಮಿಸೌರಿಯ ಪ್ರೈಮರಿ ಎಲ್ಲರಿಗೂ ತೆರೆದದ್ದು. ಮತದಾರ ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕಾದರೂ ಕೇಳಬಹುದು.

2012ರ ಆಗಸ್ಟ್‌ನಲ್ಲಿ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಪ್ರೈಮರಿ ನಡೆದಾಗ ಕಣದಲ್ಲಿ ಮೂವರು ಪ್ರಮುಖರಿದ್ದರು. ಡೆಮಾಕ್ರಟಿಕ್ ಪಕ್ಷದ ಹಾಲಿ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಆ ಮೂವರಲ್ಲಿ ತಮಗೆ ಸುಲಭದ ಎದುರಾಳಿ ಟಾಡ್ ಏಕಿನ್ ಎಂದು ಲೆಕ್ಕ ಹಾಕಿದರು. ಏಕಿನ್ ಮಿಸೌರಿಗೆ ತೀರಾ ಸಂಪ್ರದಾಯವಾದಿ ಎಂದು ಸಾರುವ ಜಾಹೀರಾತುಗಳನ್ನು ಸುಮಾರು 17 ಲಕ್ಷ ಡಾಲರ್ ಖರ್ಚು ಮಾಡಿ ಬಿತ್ತರಿಸಿದರು. ಟೀಕೆಯ ರೂಪದ ಆ ಮಾತು ಸಂಪ್ರದಾಯವಾದಿ ಮತದಾರರ ಕಿವಿಗೆ ಶಿಫಾರಸಿನಂತೆ ಕೇಳಿಸಲಿ ಎಂಬುದೇ ಉದ್ದೇಶವಾಗಿತ್ತು. ಮುಂದೆ ಅವರೇ ಇದನ್ನು ಬರೆದು ಒಪ್ಪಿಕೊಂಡರು. ಏಕಿನ್ ಶೇ 36 ಮತದಿಂದ ಗೆದ್ದರು. ಉಳಿದ ಇಬ್ಬರಿಗೆ ಶೇ 30 ಮತ್ತು ಶೇ 29.

ಎರಡು ವಾರದೊಳಗೆ ಏಕಿನ್ ಟಿವಿ ಸಂದರ್ಶನವೊಂದರಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣು ಗರ್ಭಿಣಿಯಾಗುವುದು ವಿರಳ ಎಂಬರ್ಥದ ಮಾತಾಡಿದರು. ಅದು ವೈದ್ಯವಿಜ್ಞಾನಕ್ಕೂ ಮನುಷ್ಯತ್ವಕ್ಕೂ ದೂರವಾದ ಮಾತು. ಪಕ್ಷದ ನಾಯಕರೇ ಕಣದಿಂದ ಸರಿಯಿರಿ ಎಂದು ಕೇಳಿದರೂ ಅವರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಮಿಸೌರಿ ಅಧ್ಯಕ್ಷ ಸ್ಥಾನಕ್ಕೆ ರಾಮ್ನಿ ಅವರಿಗೆ ಶೇ 54ರಷ್ಟು ಮತ ಕೊಟ್ಟಿತು, ಸೆನೆಟ್‌ಗೆ ಏಕಿನ್ ಅವರಿಗೆ ಶೇ 39 ಮಾತ್ರ. ಗೆಲ್ಲಬಹುದಾಗಿದ್ದ ಸ್ಥಾನ ಕೈತಪ್ಪಿತು. ಎದುರಾಳಿಯ ತಂತ್ರ ಫಲಿಸಿದ್ದು ಏಕೆ ಎಂದು ಯೋಚಿಸಿದರೆ ಮತ್ತೆ ಅದೇ ನಿಯಮ ಸಿಗುತ್ತದೆ. ಮೂವರ ಕಣದಲ್ಲಿ ಶೇ 36 ಸಾಕು ಎನ್ನುವ ಕಡೆ ಹೊರಗಿನವರ ಸಣ್ಣ ತಳ್ಳುವಿಕೆಯೂ ಫಲ ಕೊಡುತ್ತದೆ. ಶೇ 50 ಬೇಕು ಎನ್ನುವ ಕಡೆ ಆ ಕೆಲಸ ಬಹಳ ಕಷ್ಟ.

ಹೊರಗಿನವರ ಮತ ಎಷ್ಟು ನೋವು ಕೊಡಬಲ್ಲದು ಎಂಬುದಕ್ಕೆ 2014ರ ಮಿಸಿಸಿಪಿ ಇನ್ನೊಂದು ಉದಾಹರಣೆ. 1978ರಲ್ಲಿ ಮೊದಲ ಬಾರಿ ಸೆನೆಟ್‌ಗೆ ಆಯ್ಕೆಯಾಗಿದ್ದ ಥಾಡ್ ಕಾಕ್ರನ್ ವಿರುದ್ಧ ಟೀ ಪಾರ್ಟಿ ಎಂಬ ಕಟ್ಟಾ ಸಂಪ್ರದಾಯವಾದಿ ಬಣದ ಕ್ರಿಸ್ ಮೆಕ್‌ಡ್ಯಾನಿಯಲ್ ನಿಂತರು. ಮೊದಲ ಸುತ್ತಿನಲ್ಲಿ ಮೆಕ್‌ಡ್ಯಾನಿಯಲ್ ಶೇ 49.5 ಪಡೆದು ಮುಂದಿದ್ದರು. ಅಲ್ಲಿ ಬಹುಮತ ಬೇಕೆಂಬ ನಿಯಮವಿದ್ದುದರಿಂದ ಮೂರು ವಾರದ ನಂತರ ಮರುಸುತ್ತು ನಡೆಯಿತು. ಕಾಕ್ರನ್ ಕಡೆಯವರು ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವ ಕಪ್ಪು ಜನರ ಬಡಾವಣೆಗಳಿಗೆ ಹೋಗಿ ಬೆಂಬಲ ಕೇಳಿದರು, ಎಂಟು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದರು. ಮೊದಲ ಸುತ್ತಿನಲ್ಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕದಿದ್ದವರು ಹೀಗೆ ಮತ ಹಾಕುವುದು ಅಲ್ಲಿನ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಮೆಕ್‌ಡ್ಯಾನಿಯಲ್ ಸೋಲೊಪ್ಪದೆ ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಸೋತರು.

ಅವರ ಬೆಂಬಲಿಗರ ನೋವು ನನಗೆ ಅರ್ಥವಾಗುತ್ತದೆ. ಪಕ್ಷದ ಅಭ್ಯರ್ಥಿಯನ್ನು ಪಕ್ಷದವರೇ ಆರಿಸಲಿ ಎಂಬುದು ನ್ಯಾಯವಾದ ಬೇಡಿಕೆ. ಆದರೆ ಆ ಬೇಡಿಕೆಗೆ ಉತ್ತರ ನೋಂದಾಯಿತ ಸದಸ್ಯರಷ್ಟೇ ಮತ ಹಾಕುವ ಮುಚ್ಚಿದ ಪ್ರೈಮರಿ. ಫ್ಲಾರಿಡಾದಲ್ಲಿ ಅದು ಬಹುಕಾಲದಿಂದ ಇದೆ. ತೆರೆದ ಪ್ರೈಮರಿಯನ್ನು ಇಟ್ಟುಕೊಂಡು, ಬಂದವರನ್ನು ದೂರುವುದು ಸರಿಯಾಗದು. 2008ರಲ್ಲಿ ಲಿಂಬಾ ಅವರೇ ರಿಪಬ್ಲಿಕನ್ ಕೇಳುಗರಿಗೆ ಡೆಮಾಕ್ರಟಿಕ್ ಪ್ರೈಮರಿಗಳಿಗೆ ಹೋಗಿ ಹಿಲರಿ ಕ್ಲಿಂಟನ್ ಪರ ಮತ ಹಾಕಿ ಎಂದು ಕರೆಕೊಟ್ಟಿದ್ದರು. ಎರಡೂ ಕಡೆಯವರು ಒಂದೇ ಬಾಗಿಲಿನಿಂದ ಬಂದು ಹೋಗಿದ್ದಾರೆ.

ನಿಜವಾಗಿ ಸೋತಾಗ

ಇನ್ನೊಂದು ಬಗೆಯ ಫಲಿತಾಂಶವಿದೆ. ಅಲ್ಲಿ ನಿಯಮವನ್ನೂ ದೂರುವಂತಿಲ್ಲ, ಹೊರಗಿನವರನ್ನೂ ದೂರುವಂತಿಲ್ಲ. 2022ರ ಆಗಸ್ಟ್‌ನಲ್ಲಿ ವಯೋಮಿಂಗ್ ರಾಜ್ಯದ ಆಗಿನ ರಿಪಬ್ಲಿಕನ್ ಸಂಸದೆ ಲಿಜ್ ಚೇನಿ ಪ್ರೈಮರಿಯಲ್ಲಿ ಶೇ 29 ಮತ ಪಡೆದರು, ಅವರ ಎದುರಾಳಿ ಹ್ಯಾರಿಯೆಟ್ ಹೇಗ್‌ಮನ್ ಶೇ 66. ಸಂಸತ್ತಿನಲ್ಲಿ ಚೇನಿ ಹಾಕಿದ ಮತಗಳನ್ನು ನೋಡಿದರೆ ಅವರು ಅಪ್ಪಟ ಸಂಪ್ರದಾಯವಾದಿ. ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಬೆಂಬಲ ಕೊಟ್ಟದ್ದನ್ನು ಪಕ್ಷದ ಮತದಾರರು ಕ್ಷಮಿಸಲಿಲ್ಲ. 2024ರ ಜನವರಿಯಲ್ಲಿ ಟ್ರಂಪ್ ಅಯೋವಾದಲ್ಲಿ ಶೇ 51, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ 54 ಪಡೆದರು. ನಿಕ್ಕಿ ಹೇಲಿ ಒಬ್ಬರೇ ಎದುರಾಳಿಯಾಗಿ ಉಳಿದ ಮೇಲೂ ವರ್ಮಾಂಟ್ ಮತ್ತು ರಾಜಧಾನಿ ವಾಷಿಂಗ್ಟನ್ ಬಿಟ್ಟರೆ ಬೇರೆಲ್ಲೂ ಗೆಲ್ಲಲಿಲ್ಲ. ಇಲ್ಲಿ ಬಹುಮತ ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಹಳೆಯ ಮಾದರಿಯ ಸಂಪ್ರದಾಯವಾದಿಗೆ ಅದು ಬೇಸರ ತಂದಿರಬಹುದು. ಆ ಬೇಸರಕ್ಕೆ ಮದ್ದು ನಿಯಮ ತಿದ್ದುವುದರಲ್ಲಿ ಇಲ್ಲ, ನೆರೆಹೊರೆಯ ಮನವೊಲಿಸುವುದರಲ್ಲಿದೆ.

ಅದಕ್ಕಾಗಿಯೇ ಪ್ರತಿ ಸೋಲನ್ನೂ ಮೋಸ ಎನ್ನುವ ಮಾತು ನನಗೆ ಆತಂಕ ಹುಟ್ಟಿಸುತ್ತದೆ. ಮತ ಹಂಚಿಹೋಗಿ ಬಂದ ಸೋಲಿಗೂ ಬಹುಮತದಿಂದ ಬಂದ ಸೋಲಿಗೂ ಒಂದೇ ಹೆಸರಿಟ್ಟರೆ ತಿದ್ದಬಹುದಾದದ್ದನ್ನು ತಿದ್ದುವುದಿಲ್ಲ, ಒಪ್ಪಬೇಕಾದದ್ದನ್ನು ಒಪ್ಪುವುದಿಲ್ಲ.

ನಮ್ಮವರೊಬ್ಬರ ಗೆಲುವು

ಈ ಕಷ್ಟ ಒಂದೇ ಪಕ್ಷದ್ದಲ್ಲ ಎನ್ನಲು ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರ ಕಥೆ ಸಾಕು. 2022ರಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ ಕಣದಲ್ಲಿದ್ದರು. ಥಾಣೇದಾರ್ ಶೇ 28ರಷ್ಟು ಮತ ಪಡೆದು ಗೆದ್ದರು. ಡೆಟ್ರಾಯ್ಟ್ ನಗರದ ಬಹುಭಾಗವನ್ನು ಒಳಗೊಂಡ ಆ ಕ್ಷೇತ್ರದಲ್ಲಿ ಕಪ್ಪು ಸಮುದಾಯದ ಮತ ಹಲವರಲ್ಲಿ ಹಂಚಿಹೋಗಿತ್ತು. ದಶಕಗಳ ನಂತರ ಮೊದಲ ಬಾರಿ ಡೆಟ್ರಾಯ್ಟ್‌ಗೆ ಆ ಸಮುದಾಯದ ಸಂಸದರಿಲ್ಲದಂತಾಯಿತು. ಬೆಳಗಾವಿಯ ಬಡ ಮನೆಯಿಂದ ಹೊರಟವರು ಅಮೆರಿಕದ ಸಂಸತ್ತು ತಲುಪಿದ್ದು ನಮಗೆ ಹೆಮ್ಮೆ. ತಮ್ಮೂರಿನ ದನಿ ತಪ್ಪಿತೆಂದು ಡೆಟ್ರಾಯ್ಟ್ ಮತದಾರರು ಅಂದು ಪಟ್ಟ ಸಂಕಟವೂ ನಿಜ. ಅದು ಮಿಸೌರಿಯ ಸಂಪ್ರದಾಯವಾದಿ ಪಟ್ಟ ಸಂಕಟವೇ.

ಆ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರು ನವೆಂಬರ್‌ನಲ್ಲಿ ಗೆದ್ದಂತೆಯೇ. ಇಂದು ಅಮೆರಿಕದ ಬಹುಪಾಲು ಕ್ಷೇತ್ರಗಳು ಹೀಗೆ ಒಂದಲ್ಲ ಒಂದು ಪಕ್ಷದ ಭದ್ರಕೋಟೆಗಳು. ಮಿಸೌರಿ ರಿಪಬ್ಲಿಕನ್ನರ ಭದ್ರಕೋಟೆ. ನಿಜವಾದ ಆಯ್ಕೆ ಪ್ರೈಮರಿಯಲ್ಲೇ ಮುಗಿಯುತ್ತದೆ. ಅಧ್ಯಕ್ಷೀಯ ಚುನಾವಣೆಯಿಲ್ಲದ ವರ್ಷಗಳ ಪ್ರೈಮರಿಗೆ ಬರುವವರು ಅರ್ಹ ಮತದಾರರಲ್ಲಿ ಐವರಿಗೊಬ್ಬರ ಆಸುಪಾಸು. ಆ ಐದನೇ ಒಂದು ಭಾಗದಲ್ಲಿ ಮೂರನೇ ಒಂದು ಪಾಲು ಪಡೆದವರೂ ಗೆಲ್ಲಬಹುದು. ಲಕ್ಷಾಂತರ ಜನರ ಪ್ರತಿನಿಧಿಯನ್ನು ಆರಿಸಲು ಇದು ತೀರಾ ಚಿಕ್ಕ ತಳಪಾಯ.

ದಾರಿ ಇದೆ

2012ರ ಆಗಸ್ಟ್ 7ರಂದು ಏಕಿನ್ ಶೇ 36ರಿಂದ ಗೆದ್ದರು. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಜುಲೈ 31ರಂದು, ಟೆಕ್ಸಾಸ್‌ನಲ್ಲಿ ಇನ್ನೊಂದು ಸೆನೆಟ್ ಪ್ರೈಮರಿ ತೀರ್ಮಾನವಾಗಿತ್ತು. ಅಲ್ಲಿ ಮೇ ತಿಂಗಳ ಮೊದಲ ಸುತ್ತಿನಲ್ಲಿ ಪಕ್ಷದ ಹಿರಿಯರ ಬೆಂಬಲವಿದ್ದ ಡೇವಿಡ್ ಡ್ಯೂಹರ್ಸ್ಟ್ ಶೇ 45ರ ಹತ್ತಿರ ಬಂದು ಮುಂದಿದ್ದರು. ಸಂಪ್ರದಾಯವಾದಿಗಳ ಹೊಸ ನಾಯಕ ಟೆಡ್ ಕ್ರೂಜ್ ಶೇ 34. ಮಿಸೌರಿಯ ನಿಯಮವಿದ್ದಿದ್ದರೆ ಕ್ರೂಜ್ ಅವರ ಸ್ಪರ್ಧೆ ಅಂದೇ ಮುಗಿಯುತ್ತಿತ್ತು. ಟೆಕ್ಸಾಸ್ ಬಹುಮತ ಬೇಕೆನ್ನುತ್ತದೆ. ಮೊದಲಿಬ್ಬರ ನಡುವೆ ಮರುಸುತ್ತು ನಡೆದಾಗ ಕ್ರೂಜ್ ಶೇ 57ರ ಆಸುಪಾಸಿನಲ್ಲಿ ಗೆದ್ದು ಸೆನೆಟ್‌ಗೆ ಹೋದರು. ಸಂಪ್ರದಾಯವಾದಿ ಮತದಾರರಿಗೆ ಬಹುಮತದ ನಿಯಮದಿಂದ ನಷ್ಟವೇ ಆಗಬೇಕೆಂದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮರುಸುತ್ತಿಗೆ ಖರ್ಚು ಹೆಚ್ಚು, ಜನ ಮತ್ತೊಮ್ಮೆ ಮತಗಟ್ಟೆಗೆ ಬರಬೇಕು. ಇದಕ್ಕೆ ಇನ್ನೊಂದು ಉಪಾಯ ಪ್ರಾಶಸ್ತ್ಯ ಮತ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಗೊತ್ತು. ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುವುದು. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೇ ಆಯ್ಕೆಗೆ ಸೇರಿಸುವುದು. 2021ರಲ್ಲಿ ವರ್ಜೀನಿಯಾದ ರಿಪಬ್ಲಿಕನ್ನರು ಗವರ್ನರ್ ಅಭ್ಯರ್ಥಿಯನ್ನು ಹೀಗೇ ಆರಿಸಿದರು. ಹಲವು ಸುತ್ತಿನ ಎಣಿಕೆಯಲ್ಲಿ ಬಹುಮತ ಪಡೆದ ಗ್ಲೆನ್ ಯಂಗ್‌ಕಿನ್ ಒಗ್ಗಟ್ಟಾದ ಪಕ್ಷದೊಂದಿಗೆ ನವೆಂಬರ್‌ನಲ್ಲಿ ಗೆದ್ದರು. 2009ರ ನಂತರ ಆ ರಾಜ್ಯದಲ್ಲಿ ರಿಪಬ್ಲಿಕನ್ನರು ರಾಜ್ಯವ್ಯಾಪಿ ಚುನಾವಣೆ ಗೆದ್ದದ್ದು ಅದೇ ಮೊದಲು.

ಆದರೂ ಸಂಪ್ರದಾಯವಾದಿಗಳಲ್ಲಿ ಅನೇಕರು ಪ್ರಾಶಸ್ತ್ಯ ಮತವನ್ನು ಅನುಮಾನದಿಂದ ನೋಡುತ್ತಾರೆ. ಕಾರಣ 2022ರ ಅಲಾಸ್ಕಾ ಉಪಚುನಾವಣೆ. ಅಲ್ಲಿ ಇಬ್ಬರು ರಿಪಬ್ಲಿಕನ್ನರು, ಸಾರಾ ಪೇಲಿನ್ ಮತ್ತು ನಿಕ್ ಬೆಗಿಚ್, ಸೇರಿ ಸುಮಾರು ಶೇ 60 ಮೊದಲ ಪ್ರಾಶಸ್ತ್ಯ ಪಡೆದರೂ ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ ಗೆದ್ದರು. ಬೆಗಿಚ್ ಬೆಂಬಲಿಗರಲ್ಲಿ ಅರ್ಧದಷ್ಟು ಜನ ಮಾತ್ರ ಪೇಲಿನ್ ಅವರನ್ನು ಎರಡನೆಯವರಾಗಿ ಆರಿಸಿದ್ದರು. ಉಳಿದವರಲ್ಲಿ ಕೆಲವರು ಪೆಲ್ಟೋಲಾ ಕಡೆ ಹೋದರು, ಕೆಲವರು ಎರಡನೇ ಆಯ್ಕೆಯನ್ನೇ ಬರೆಯಲಿಲ್ಲ. ಆ ದಿನ ಕೊನೆಯ ಸುತ್ತಿನಲ್ಲಿ ಪೇಲಿನ್ ಅವರಿಗೆ ಬಹುಮತವಿರಲಿಲ್ಲ. ಅದನ್ನು ತೋರಿಸಿಕೊಟ್ಟ ಎಣಿಕೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

2024ರ ಆಗಸ್ಟ್ 6ರಂದು ಮಿಸೌರಿ ಗವರ್ನರ್ ಸ್ಥಾನದ ರಿಪಬ್ಲಿಕನ್ ಪ್ರೈಮರಿಯಲ್ಲಿ ಮೂವರು ಪ್ರಮುಖರಿದ್ದರು. ಟ್ರಂಪ್ ಮೂವರಿಗೂ ಬೆಂಬಲ ಸೂಚಿಸಿದ್ದರು. ಆಗ ಉಪ ಗವರ್ನರ್ ಆಗಿದ್ದ ಮೈಕ್ ಕೀಹೊ ಶೇ 39ರಿಂದ ಗೆದ್ದರು. ಅವರಿಗಿಂತ ಗಟ್ಟಿ ಸಂಪ್ರದಾಯವಾದಿಗಳು ತಾವೆಂದು ಹೇಳಿಕೊಂಡ ಬಿಲ್ ಐಗಲ್ ಮತ್ತು ಜೇ ಆಷ್‌ಕ್ರಾಫ್ಟ್ ಇಬ್ಬರಿಗೂ ಸೇರಿ ಅರ್ಧಕ್ಕಿಂತ ಹೆಚ್ಚು ಮತ ಬಂದಿತ್ತು. ಮೂರು ತಿಂಗಳ ನಂತರ, ನವೆಂಬರ್‌ನಲ್ಲಿ, ಅದೇ ಮಿಸೌರಿಯ ಮತದಾರರು ಶೇ 68ರ ಬಹುಮತದಿಂದ ರಾಜ್ಯ ಸಂವಿಧಾನದ 7ನೇ ತಿದ್ದುಪಡಿಯನ್ನು ಅಂಗೀಕರಿಸಿದರು. ಅಮೆರಿಕದ ಪ್ರಜೆಗಳಷ್ಟೇ ಮತ ಹಾಕಬೇಕೆಂಬ ಸಾಲು ಅದರಲ್ಲಿತ್ತು. ಜನರ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಅದೇ. ಅದರ ಜೊತೆಗೆ ಪ್ರಾಶಸ್ತ್ಯ ಮತಕ್ಕೆ ನಿಷೇಧವಿತ್ತು. ಪ್ರೈಮರಿಯಲ್ಲಿ ಅತಿ ಹೆಚ್ಚು ಮತ ಪಡೆದವರೇ, ಅದು ಎಷ್ಟೇ ಶೇಕಡಾ ಆಗಿರಲಿ, ಪಕ್ಷದ ಏಕೈಕ ಅಭ್ಯರ್ಥಿ ಎಂಬ ನಿಯಮವೂ ಇತ್ತು. 2008ರಲ್ಲಿ, 2012ರಲ್ಲಿ, 2016ರಲ್ಲಿ ತಮ್ಮನ್ನು ನೋಯಿಸಿದ ನಿಯಮವನ್ನು ಆ ಮತದಾರರು ಸಂವಿಧಾನದಲ್ಲೇ ಬರೆದು ಭದ್ರ ಮಾಡಿದರು.

ಇದು ನನಗೆ ಬಹಳ ದುಃಖದ ಸಂಗತಿ. ಆ ಮತದಾರ ದಡ್ಡನಲ್ಲ, ಅವನ ನಿರಾಸೆ ಸುಳ್ಳಲ್ಲ. ಆದರೆ ಅದನ್ನು ಪಕ್ಷದ ನಾಯಕರ ಮೇಲೆ, ಮಾಧ್ಯಮದ ಮೇಲೆ, ನೆರೆಯವರ ಮೇಲೆ ತಿರುಗಿಸಿದಷ್ಟು ಸಲ ನಿಯಮದ ಮೇಲೆ ಯಾರೂ ತಿರುಗಿಸಲಿಲ್ಲ. ಕಾಣುವ ವ್ಯಕ್ತಿಯನ್ನು ಬೈಯುವುದು ಸುಲಭ, ಕಾಣದ ಲೆಕ್ಕವನ್ನು ತಿದ್ದಲು ತಾಳ್ಮೆ ಬೇಕು.

ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗರು ಇಂದು ಸಾವಿರಾರು. ಅವರಲ್ಲಿ ಎರಡೂ ಪಕ್ಷದವರಿದ್ದಾರೆ. ಅವರಿಗೆ ನನ್ನ ವಿನಂತಿ: ನವೆಂಬರ್‌ವರೆಗೆ ಕಾಯಬೇಡಿ, ಪ್ರೈಮರಿಯಲ್ಲೇ ಮತ ಹಾಕಿ. ನಿಮ್ಮವರು ಸೋತರೆ ಮೊದಲು ಗೆದ್ದವರಿಗೆ ಎಷ್ಟು ಶೇಕಡಾ ಮತ ಬಂದಿದೆ ಎಂದು ನೋಡಿ. ಅರ್ಧ ದಾಟಿದ್ದರೆ ಸೋಲನ್ನು ಒಪ್ಪಿ, ಮುಂದಿನ ಬಾರಿಗೆ ಜನರ ಮನ ಗೆಲ್ಲುವ ಕೆಲಸಕ್ಕೆ ಇಳಿಯಿರಿ. ಅರ್ಧ ದಾಟಿಲ್ಲದಿದ್ದರೆ ನಿಮ್ಮ ರಾಜ್ಯದ ಶಾಸಕರಿಗೆ ಪತ್ರ ಬರೆದು ಬಹುಮತದ ನಿಯಮ ಕೇಳಿ. ನಿಮ್ಮ ಪಕ್ಷ ಯಾವುದೇ ಇರಲಿ, ಅರ್ಧಕ್ಕಿಂತ ಹೆಚ್ಚು ಜನ ಒಪ್ಪದವರು ಆ ಪಕ್ಷದ ಹೆಸರಿನಲ್ಲಿ ನಿಲ್ಲಬಾರದು.